ದನ ಬದುಕಿರುವಾಗಲೇ ಕೇಳೋಣ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನನಗೆ ಶಿಕ್ಷಣದ ಬಗ್ಗೆ ಮಾತಾಡು ಅಂದಿದ್ದರು. ನಾನು ನಮ್ಮ ಮನೆ ಹಸುವಿನ ಬಗ್ಗೆ ಮಾತಾಡ್ತೀನಿ. ಯಾಕಂದ್ರೆ ನನ್ನ ಬಿ.ಎ. ಫೀಜು ಕಟ್ಟಿದ್ದು ಅದರ ಹಾಲಿನ ದುಡ್ಡಿನಿಂದಲೇ.

ಎರಡು ವರ್ಷದ ಹಿಂದೆ ಕರು ಹಾಕಿದ ಮಾರನೇ ದಿನ ಅದು ಮೇಲೇಳಲಿಲ್ಲ. ಕಿವಿ ತಣ್ಣಗಾಗಿತ್ತು, ಕತ್ತು ಹೊಟ್ಟೆ ಕಡೆ ತಿರುಗಿಸಿಕೊಂಡು ಮಲಗಿತ್ತು. ಅಪ್ಪ ಆಸ್ಪತ್ರೆಗೆ ಓಡಿದರೆ "ಇಲ್ಲಿಗೇ ಹೊಡ್ಕೊಂಡು ಬನ್ನಿ" ಅಂದರಂತೆ. ಏಳಲಾರದ ಹಸುವನ್ನ ಹೊಡ್ಕೊಂಡು ಹೋಗೋದು ಹೇಗೆ? ಖಾಸಗಿಯವನೊಬ್ಬ ಬಂದು ಎರಡು ಸೂಜಿ ಹಾಕಿ 1,200 ರೂಪಾಯಿ ತಗೊಂಡ. ಅದೂ ಸಾಲದ ದುಡ್ಡು. ಸಂಜೆಗೆ ಹಸು ಹೋಯಿತು. ಅದು ಹಾಲು ಜ್ವರ ಅಂತ ಆಮೇಲೆ ತಿಳೀತು. ಹೊತ್ತಿಗೆ ಸರಿಯಾಗಿ ಡಾಕ್ಟರು ನರಕ್ಕೆ ಕ್ಯಾಲ್ಸಿಯಂ ಏರಿಸಿದರೆ ಬಹುಪಾಲು ಹಸುಗಳು ಎದ್ದು ನಿಲ್ಲುತ್ತವೆ.

ಊರಲ್ಲಿ ಯಾರ ಮನೆ ದನ ಸತ್ತರೂ ಎಳೆಯೋಕೆ ನಮ್ಮ ಕೇರಿ ನೆನಪಾಗುತ್ತೆ. ನಮ್ಮ ದನ ಬದುಕಿದ್ದು ನರಳುವಾಗ ಮಾತ್ರ ಈ ಕೇರಿ ಎಲ್ಲರಿಗೂ ದೂರ. ಇದನ್ನ ಹೇಳಿಕೊಂಡು ಅಳೋಕೆ ನಾನು ನಿಂತಿಲ್ಲ. ನಮಗೆ ಬರಬೇಕಾದ್ದು ಏನೇನು ಅಂತ ಹೇಳೋಕೆ ನಿಂತಿದ್ದೀನಿ.

ಮೊದಲನೇದು, 1962. ಇದು ದನಗಳ 108 ಅಂದುಕೊಳ್ಳಿ. ನಮ್ಮ ಆಂಧ್ರದಲ್ಲಿ 2022ರ ಮೇ ತಿಂಗಳಲ್ಲಿ ಕ್ಷೇತ್ರಕ್ಕೊಂದರಂತೆ ಈ ಗಾಡಿಗಳು ಬಂದವು. ಅಂದರೆ ನಮ್ಮ ಮಡಕಶಿರಾಕ್ಕೂ ಬಂತು. ಫೋನಿಗೆ ದುಡ್ಡಿಲ್ಲ. ಡಾಕ್ಟರು, ಔಷಧಿ ಗಾಡಿಯಲ್ಲೇ ಇರುತ್ತವೆ. ಬಿದ್ದ ದನವನ್ನ ಎತ್ತಿ ಹಾಕಿಕೊಳ್ಳೋ ಲಿಫ್ಟೂ ಇದೆ. ನಮ್ಮ ಹಸು ಬಿದ್ದ ದಿನ ಈ ನಂಬರು ಇತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೆ.

ಎರಡನೇದು, ಲಸಿಕೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ, ಹಸು ಕಂದು ಹಾಕುವ ಬ್ರುಸೆಲ್ಲೋಸಿಸ್‌ಗೆ 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಒಂದೇ ಸಲ. ಕೇಂದ್ರದ ಯೋಜನೆಯಲ್ಲಿ 2019ರಿಂದ ಎರಡೂ ಉಚಿತ. ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಅಂಟುತ್ತೆ. ಕಂದು ಹಾಕಿದ್ದನ್ನ, ಮಾಸವನ್ನ ಬರಿಗೈಲಿ ಎತ್ತೋ ಅಮ್ಮಂದಿರು ಇದನ್ನ ನೆನಪಿಡಿ. ಮೇಕೆ, ಕುರಿಗೆ ಪಿಪಿಆರ್ ಲಸಿಕೆ ಕೇಳಿ ಹಾಕಿಸಿ.

ಮೂರನೇದು, ಕಿವಿಯ ಹಳದಿ ಓಲೆ. "ಕಿವಿ ಕೀವಾಗುತ್ತೆ, ಬೇಡ" ಅಂತ ನಮ್ಮಜ್ಜಿ ಬೈತಿದ್ದಳು. ಆದರೆ ಆ 12 ಅಂಕಿಯೇ ದನದ ಆಧಾರ್. ವಿಮೆ ಮಾಡಿಸೋಕೂ, ಸತ್ತಾಗ ಪರಿಹಾರ ಕೇಳೋಕೂ ಅದು ಬೇಕು. ರಾಷ್ಟ್ರೀಯ ಜಾನುವಾರು ಮಿಷನ್ ವಿಮೆಯಲ್ಲಿ 2024ರಿಂದ ನಾವು ಕಟ್ಟಬೇಕಾದ್ದು ಕಂತಿನ 15 ಭಾಗ ಮಾತ್ರ. ಮಿಕ್ಕ 85 ಸರ್ಕಾರದ್ದು. ಅಂದರೆ 1,000 ರೂಪಾಯಿ ಕಂತಿಗೆ 150.

ಇವೆಲ್ಲದರ ಪೋಸ್ಟರು ತೆಲುಗಲ್ಲಿ ಬರುತ್ತೆ. ನಮ್ಮಮ್ಮ ತೆಲುಗು ಮಾತಾಡ್ತಾಳೆ, ಓದೋಕೆ ಬರಲ್ಲ. ಎರಡೂ ಓದೋಕೆ ಬರೋ ನಾವು ಇರೋದು ಯಾಕೆ? ಅದಕ್ಕೇ ಸಂಘಕ್ಕೆ ಎರಡು ಕೆಲಸ ಕೇಳ್ತೀನಿ. ಅಂಬೇಡ್ಕರ್ ಭವನದ ಗೋಡೆ ಮೇಲೆ 1962 ಅಂತ ದೊಡ್ಡದಾಗಿ ಕನ್ನಡದಲ್ಲೂ ತೆಲುಗಲ್ಲೂ ಬರೆಯೋಣ. ಒಂದು ನೋಟ್‌ಬುಕ್‌ನಲ್ಲಿ ಕೇರಿಯ ಪ್ರತಿ ದನದ ಓಲೆ ನಂಬರು, ಲಸಿಕೆ ಹಾಕಿದ ತಾರೀಖು ಬರೆದಿಡೋಣ. ಲಸಿಕೆಯವರು ಊರೊಳಗೇ ಮುಗಿಸಿ ವಾಪಸ್ ಹೋದರೆ, ಆ ನೋಟ್‌ಬುಕ್ ಹಿಡಿದು "ನಮ್ಮವು ಇಷ್ಟು ಬಾಕಿ ಇವೆ" ಅಂತ ಕೇಳೋಣ. ನೋಟ್‌ಬುಕ್ ನಾನು ತಂದಿದ್ದೀನಿ. ಮೊದಲನೇ ಸಾಲಲ್ಲಿ ಸತ್ತ ಹಸುವಿನ ಕರು ಇದೆ. ಈಗ ಅದು ಗಬ್ಬ.

ಜೈಭೀಮ್.