ಕಾರ್ನಾಡು: ಊರು, ಅಡ್ಡಹೆಸರು, ಬೀದಿ

ಮಂಗಳೂರಿನ ಹಂಪನಕಟ್ಟೆಯಿಂದ ನವಭಾರತ ವೃತ್ತದ ಕಡೆಗೆ ಹೋಗುವ ಕೆ.ಎಸ್. ರಾವ್ ರಸ್ತೆಯ ಹೆಸರಿನ ಮೊದಲಕ್ಷರ ಒಂದು ಇಡೀ ಊರನ್ನು ತನ್ನೊಳಗೆ ಅಡಗಿಸಿಕೊಂಡಿದೆ. ಆ ಊರು, ಮೂಲ್ಕಿಗೆ ಅಂಟಿಕೊಂಡಿರುವ ಕಾರ್ನಾಡು.

ಚಿತ್ರಾಪುರ ಸಾರಸ್ವತರಲ್ಲಿ, ಅಂದರೆ ಶಿರಾಲಿಯ ಚಿತ್ರಾಪುರ ಮಠವನ್ನು ಗುರುಪೀಠವೆಂದು ನಂಬಿರುವ ಕೊಂಕಣಿ ಮನೆಮಾತಿನ ಸಮುದಾಯದಲ್ಲಿ, ಮೂಲದ ಊರೇ ಅಡ್ಡಹೆಸರಾಗುವ ರೂಢಿ ಬಲವಾಗಿದ್ದು, ಪಡುಕೋಣೆ, ಉಳ್ಳಾಲ ಮೊದಲಾದ ಹೆಸರುಗಳು ಹಾಗೆಯೇ ಬಂದಿವೆ. ಮಂಕಿಯವರಿಗೆ ‘ಆ ಊರಿನವರು’ ಎಂಬರ್ಥದ ‘ಕರ್’ ಪ್ರತ್ಯಯ ಸೇರಿ ಮಂಕೀಕರ್ ಎಂಬ ಹೆಸರಾದರೆ, ಕಾರ್ನಾಡಿನವರಿಗೆ ಊರಿನ ಹೆಸರಷ್ಟೇ ಸಾಕಾಯಿತು.

ಆ ಹೆಸರು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಆಡಳಿತದ ಚರಿತ್ರೆಯೂ ಕಾಣಿಸುತ್ತದೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿದ್ದು, ಅಲ್ಲಿ ಊರಿನ ಹೆಸರು ಮೊದಲು ಬರುತ್ತಿದ್ದುದರಿಂದ ಮಂಗಳೂರಿನ ವಕೀಲರು ಕಾರ್ನಾಡ್ ಸದಾಶಿವ ರಾವ್ ಎನಿಸಿದರು. ಮುಂಬಯಿ ಪ್ರಾಂತದಲ್ಲಿ ಅಡ್ಡಹೆಸರು ಕೊನೆಗೆ ಬರುತ್ತಿದ್ದುದರಿಂದ, 1938ರಲ್ಲಿ ಮಾಥೇರಾನಿನಲ್ಲಿ ಹುಟ್ಟಿ ಶಿರಸಿ, ಧಾರವಾಡಗಳಲ್ಲಿ ಬೆಳೆದ ನಾಟಕಕಾರರು ಗಿರೀಶ ಕಾರ್ನಾಡರಾದರು. 1998ರ ಜ್ಞಾನಪೀಠ ಪ್ರಶಸ್ತಿಯ ಹೊತ್ತಿಗೆ ಕನ್ನಡಿಗರ ಕಿವಿಯಲ್ಲಿ ಕಾರ್ನಾಡ ಎಂದರೆ ಊರಲ್ಲ, ವ್ಯಕ್ತಿಯೇ ಆಗಿದ್ದರು.

ಆದರೆ ಈ ಹೆಸರಿನ ಹಿರಿಯ ಋಣವಿರುವುದು ಸದಾಶಿವ ರಾಯರಿಗೆ. 1881ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದ ಅವರು, ಎಳೆಯ ವಿಧವೆಯರಿಗೂ ಬಡ ಹೆಂಗಸರಿಗೂ ನೆರವಾಗಲೆಂದು ಪತ್ನಿಯೊಡನೆ ಮಹಿಳಾ ಸಭೆಯನ್ನು ಕಟ್ಟಿ, ಗಾಂಧೀಜಿಯ ಸತ್ಯಾಗ್ರಹಕ್ಕೆ ಧುಮುಕಿ ಸೆರೆವಾಸ ಕಂಡು, ಮನೆತನದ ಆಸ್ತಿಯನ್ನೆಲ್ಲ ಚಳವಳಿಗೂ ದೀನರಿಗೂ ಸುರಿದು, ಫೈಜಪುರ ಕಾಂಗ್ರೆಸ್ ಅಧಿವೇಶನದಲ್ಲಿ ಕಾಯಿಲೆ ಬಿದ್ದು, 1937ರ ಜನವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಮುಂದೆ ಅವರ ಹೆಸರು ನೆಲಕ್ಕೆ ಮರಳಿತು, ಆದರೆ ಇಡಿಯಾಗಿ ಅಲ್ಲ. ಮಂಗಳೂರಿನ ರಸ್ತೆಯಲ್ಲಿ ಊರು ಒಂದಕ್ಷರಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಅದೂ ಉಳಿಯದೆ, ನಗರದ ಅತಿ ದುಬಾರಿ ಬಡಾವಣೆಗಳಲ್ಲೊಂದು, ಎಲ್ಲವನ್ನೂ ಕೊಟ್ಟು ಬರಿಗೈಯಾದ ಆ ಮನುಷ್ಯನ ನೆನಪಿಗೆ, ಸದಾಶಿವನಗರ ಎನಿಸಿಕೊಂಡಿತು.