1686ರ ಪತ್ರ, 1886ರ ಒಪ್ಪಂದ: ಕೀವ್‌ಗೂ ನಮ್ಮ ಬ್ರಹ್ಮಾವರಕ್ಕೂ ಏನು ನಂಟು?

ಚಂದ್ರಾ ಲೇಔಟ್‌ನ ನನ್ನ ರೂಮಿಂದಲೇ ರೆಕಾರ್ಡ್ ಮಾಡ್ತಿದೀನಿ, ಮಧ್ಯೆ ಬಸ್ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಉಕ್ರೇನ್ ಎಪಿಸೋಡ್ ಆದ್ಮೇಲೆ ನಿಮ್ಮಲ್ಲಿ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ರಿ. ರಷ್ಯಾದವರೂ ಆರ್ಥೊಡಾಕ್ಸ್, ಉಕ್ರೇನಿನವರೂ ಆರ್ಥೊಡಾಕ್ಸ್. ಮತ್ತೆ ಚರ್ಚುಗಳ ಮಧ್ಯೆ ಜಗಳ ಯಾಕೆ?

ಉತ್ತರಕ್ಕೆ ಮೊದಲು ಉಡುಪಿ ಕಡೆ ಹೋಗೋಣ. ಬ್ರಹ್ಮಾವರದಲ್ಲಿ ಸೇಂಟ್ ಮೇರೀಸ್ ಆರ್ಥೊಡಾಕ್ಸ್ ಸಿರಿಯನ್ ಕೆಥೆಡ್ರಲ್ ಇದೆ. ಸಿರಿಯನ್ ಅಂದ ಕೂಡ್ಲೆ ಕೇರಳದವರು ಅಂದ್ಕೊಳ್ತೀವಿ. ಆದ್ರೆ ಇಲ್ಲಿನವರ ಮನೆಮಾತು ಕೊಂಕಣಿ. ಇವರ ಹಿರಿಯರು ರೋಮನ್ ಕ್ಯಾಥೊಲಿಕರು.

ಆಗಿದ್ದೇನಂದ್ರೆ, ಪೋರ್ಚುಗಲ್ ರಾಜನಿಗೆ ಪೋಪ್ ಕಡೆಯಿಂದ ಒಂದು ಹಕ್ಕು ಸಿಕ್ಕಿತ್ತು. ಪೂರ್ವ ದೇಶಗಳ ಚರ್ಚಿನ ಖರ್ಚು ನೋಡ್ಕೊಳ್ಳೋದು, ಬಿಷಪ್ ಯಾರಾಗ್ಬೇಕು ಅಂತ ಹೆಸರು ಸೂಚಿಸೋದು. ಇದರ ಹೆಸರು ಪದ್ರೊಆದೊ. 1799ರಲ್ಲಿ ಟಿಪ್ಪು ಬಿದ್ಮೇಲೆ ಕೆನರಾ ಬ್ರಿಟಿಷರ ಕೈಗೆ ಬಂತು. ಗೋವಾ ಮಾತ್ರ ಪೋರ್ಚುಗೀಸರದ್ದೇ. ಅಂದ್ರೆ ಕಲ್ಯಾಣಪುರ, ಬ್ರಹ್ಮಾವರ ಕಡೆ ಕೆಲವರಿಗೆ ಕಂದಾಯ ಕಟ್ಟೋದು ಬ್ರಿಟಿಷರಿಗೆ, ಚರ್ಚಿಗೆ ಮೇಲಿನವರು ಗೋವಾದ ಆರ್ಚ್‌ಬಿಷಪ್. 1886ರಲ್ಲಿ ಪೋಪ್ 13ನೇ ಲಿಯೋ ಮತ್ತು ಪೋರ್ಚುಗಲ್ ಒಂದು ಒಪ್ಪಂದ ಮಾಡ್ಕೊಂಡು ಈ ಹಕ್ಕನ್ನ ಕತ್ತರಿಸಿದ್ರು. ಕೆನರಾದ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದ ಪಾಲಾದ್ವು. ಊರಿನವರನ್ನ ಯಾರೂ ಕೇಳ್ಲಿಲ್ಲ.

ನಾನು ಬಿ.ಕಾಂ. ಓದಿದವನು, ನನಗೆ ಇದು ಬ್ಯಾಂಕ್ ವಿಲೀನದ ಥರ ಕಾಣುತ್ತೆ. 2019ರಲ್ಲಿ ವಿಜಯಾ ಬ್ಯಾಂಕನ್ನ ಬ್ಯಾಂಕ್ ಆಫ್ ಬರೋಡಾಗೆ ಸೇರಿಸಿದಾಗ ಕರಾವಳಿಯವರಿಗೆ ಎಷ್ಟು ಬೇಜಾರಾಯ್ತು ನೆನಪಿದ್ಯಾ? ಬ್ರಾಂಚ್ ಅದೇ, ಕೌಂಟರ್ ಅದೇ. ಬೋರ್ಡ್ ಬದಲಾಯ್ತು, ಕರುಳು ಚುರ್ ಅಂತು. ಅದು ಬರೀ ದುಡ್ಡಿಡೋ ಜಾಗ. ಇಲ್ಲಿ ಅಪ್ಪ ಅಮ್ಮನ್ನ ಮಣ್ಣು ಮಾಡಿದ ಜಾಗ.

ಗೋವಾದ ಪಾದ್ರಿ ಆಲ್ವಾರಿಸ್ ಈ ಒಪ್ಪಂದವನ್ನ ಪತ್ರಿಕೆಗಳಲ್ಲಿ ಜಾಡಿಸಿ, ಕೊನೆಗೆ 1889ರಲ್ಲಿ ಕೊಟ್ಟಾಯಂಗೆ ಹೋಗಿ ಆರ್ಥೊಡಾಕ್ಸ್ ಬಿಷಪ್ ಆದ್ರು. ಮಾರ್ ಜೂಲಿಯಸ್ ಅಂತ ಹೆಸರು. ಬ್ರಹ್ಮಾವರದಲ್ಲಿ ಪಾದ್ರಿ ನೊರೊನ್ಹ ಅವರ ಜೊತೆ ನೂರಾರು ಕುಟುಂಬಗಳು ಆ ಕಡೆ ಹೋದ್ವು. ಇಲ್ಲೊಂದು ವಿಚಿತ್ರ ನೋಡಿ. ಹಳೇ ಪೋರ್ಚುಗೀಸ್ ವ್ಯವಸ್ಥೆ ಉಳಿಸಿ ಅಂತ ಹೋರಾಡಿದ ಆಲ್ವಾರಿಸ್ ಅವರನ್ನ ಗೋವಾದ ಪೋರ್ಚುಗೀಸ್ ಸರ್ಕಾರವೇ ಬಂಧಿಸಿ ಬಿಷಪ್ ಉಡುಪು ಕಳಚಿಸಿತು. ಸರ್ಕಾರಕ್ಕೆ ಬೇಕಾಗಿದ್ದು ಮಾತು ಕೇಳೋ ಚರ್ಚು, ಅಷ್ಟೇ.

ಈಗ ಕೀವ್. ಮೊದಲೇ ಹೇಳ್ಬಿಡ್ತೀನಿ, ಬ್ರಹ್ಮಾವರದ ಆರ್ಥೊಡಾಕ್ಸರೂ ರಷ್ಯಾದ ಆರ್ಥೊಡಾಕ್ಸರೂ ಒಂದೇ ಸಭೆ ಅಲ್ಲ, 451ರ ಕಾಲ್ಸಿಡನ್ ಸಭೆಯ ನಂತರ ದಾರಿ ಬೇರೆ ಆಯ್ತು. ಆದ್ರೆ ಜಗಳದ ಒಳಗುಟ್ಟು ಒಂದೇ: ಮೇಲಿನವರು ಯಾರು?

ಪೂರ್ವದ ಆರ್ಥೊಡಾಕ್ಸರಿಗೆ ಪೋಪ್ ಇಲ್ಲ. 1686ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್, ಕೀವ್‌ನ ಮುಖ್ಯ ಧರ್ಮಗುರುವನ್ನ ನೇಮಿಸೋ ಅಧಿಕಾರವನ್ನ ಪತ್ರ ಬರೆದು ಮಾಸ್ಕೋಗೆ ಕೊಟ್ರು. ಮಾಸ್ಕೋ ಹೇಳುತ್ತೆ, ಅದು ಕ್ರಯಪತ್ರ. ಕಾನ್‌ಸ್ಟಾಂಟಿನೋಪಲ್ ಹೇಳುತ್ತೆ, ಬರೀ ಪವರ್ ಆಫ್ ಅಟಾರ್ನಿ ಕಣ್ರೀ. 332 ವರ್ಷ ಆದ್ಮೇಲೆ, 2018ರ ಅಕ್ಟೋಬರ್‌ನಲ್ಲಿ ಅದನ್ನ ರದ್ದು ಮಾಡಿದ್ರು. ಮಾಸ್ಕೋ ಸಂಬಂಧವನ್ನೇ ಕಡ್ಕೊಂಡ್ತು. 2019ರ ಜನವರಿಯಲ್ಲಿ ಉಕ್ರೇನಿನ ಹೊಸ ಚರ್ಚಿಗೆ ಸ್ವಾತಂತ್ರ್ಯದ ಪತ್ರ ಸಿಕ್ತು. ಅಧ್ಯಕ್ಷ ಪೊರೊಶೆಂಕೊ ಅದನ್ನ ಚುನಾವಣಾ ಪ್ರಚಾರಕ್ಕೂ ಬಳಸಿದ್ರು. ಆದ್ರೂ ಸೋತ್ರು.

2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರೋಕೆ ಹೊರಗೆ ಬಂದಿದ್ದ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ತೀರ್ಕೊಂಡ್ರು. ಐದು ದಿನಕ್ಕೆ, ಮಾರ್ಚ್ 6ಕ್ಕೆ, ಮಾಸ್ಕೋದ ಪೇಟ್ರಿಯಾರ್ಕ್ ಕಿರಿಲ್ ಪ್ರವಚನ ಕೊಟ್ರು. ಡಾನ್‌ಬಾಸ್ ವಿಚಾರಕ್ಕೆ ಗೇ ಪೆರೇಡ್‌ಗಳನ್ನ ಎಳೆದು ತಂದು, ಇದು ಆತ್ಮಗಳ ರಕ್ಷಣೆಯ ಹೋರಾಟ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಸೆಪ್ಟೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ಕರ್ತವ್ಯ ಮಾಡ್ತಾ ಸತ್ತ ಸೈನಿಕನ ಪಾಪ ತೊಳೆದುಹೋಗುತ್ತೆ ಅಂದ್ರು. ಚರ್ಚು ಯುದ್ಧ ಶುರುಮಾಡ್ತು ಅಂತ ನಾನು ಹೇಳಲ್ಲ, ಟ್ಯಾಂಕ್ ಕಳಿಸಿದ್ದು ಸರ್ಕಾರ. ಆದ್ರೆ ಮಗನ್ನ ಕಳಿಸೋ ತಾಯಿಗೆ ಕಾರಣ ಬೇಕಲ್ಲ, ಅದನ್ನ ಚರ್ಚು ಒದಗಿಸ್ತು. ನನ್ನ ಪ್ರಕಾರ ಇದು ಸಣ್ಣ ತಪ್ಪಲ್ಲ.

ಸಿಕ್ಕಿಹಾಕ್ಕೊಂಡವರು ಯಾರು ಗೊತ್ತಾ? ಉಕ್ರೇನಿನಲ್ಲೇ ಇದ್ದು ಮಾಸ್ಕೋ ಕಡೆಯ ಹಳೇ ಚರ್ಚಿಗೆ ಹೋಗ್ತಿದ್ದ ಜನ. ಅವರ ಮುಖ್ಯಸ್ಥ ಒನುಫ್ರಿ ಮೊದಲ ದಿನವೇ ದಾಳಿಯನ್ನ ಖಂಡಿಸಿದ್ರು. ಮೇ 2022ರಲ್ಲಿ ನಾವು ಮಾಸ್ಕೋದಿಂದ ಸ್ವತಂತ್ರ ಅಂತ ಘೋಷಿಸಿದ್ರು. ಆದ್ರೂ ಉಕ್ರೇನ್ ಸರ್ಕಾರಕ್ಕೆ ಅನುಮಾನ ಹೋಗಿಲ್ಲ. 2024ರ ಆಗಸ್ಟ್‌ನಲ್ಲಿ ಮಾಸ್ಕೋ ಸಂಪರ್ಕದ ಚರ್ಚುಗಳನ್ನ ಕೋರ್ಟ್ ಮೂಲಕ ನಿಷೇಧಿಸಬಹುದಾದ ಕಾನೂನು ಬಂತು. ಗೂಢಚಾರಿಕೆಯ ಭಯ ಅರ್ಥವಾಗುತ್ತೆ, ಆದ್ರೆ ಭಾನುವಾರ ಮೇಣದಬತ್ತಿ ಹಚ್ಚೋಕೆ ಹೋಗೋ ಅಜ್ಜಿ ಯಾವ ಪಕ್ಷ ಅಂತ ಹೇಗೆ ಅಳೀತೀರಿ?

ಒಡೆಸ್ಸಾದ ಟ್ರಾನ್ಸ್‌ಫಿಗರೇಷನ್ ಕೆಥೆಡ್ರಲ್ ಕೂಡ ಇದೇ ಹಳೇ ಚರ್ಚಿನದ್ದು. 2010ರಲ್ಲಿ ಅದನ್ನ ಪ್ರತಿಷ್ಠೆ ಮಾಡಿದ್ದು ಸ್ವತಃ ಕಿರಿಲ್. 2023ರ ಜುಲೈ 23ರ ಬೆಳಗಿನ ಜಾವ ರಷ್ಯಾದ ಕ್ಷಿಪಣಿ ಅದರ ಚಾವಣಿ ಸೀಳ್ಕೊಂಡು ಒಳಗೆ ಬಿತ್ತು. ಅಲ್ಲಿನ ಭಕ್ತರು ಅವತ್ತೇ ಬಂದು ಗಾಜು, ಇಟ್ಟಿಗೆ ಗುಡಿಸೋಕೆ ಶುರು ಮಾಡಿದ್ರು.

ಬ್ರಹ್ಮಾವರ ಕಡೆಯವರು ಯಾರಾದ್ರೂ ಕೇಳ್ತಿದ್ರೆ, ನಿಮ್ಮ ಮನೆ ಹಿರಿಯರು ಹೇಳಿದ ಕಥೆ ವಾಯ್ಸ್ ನೋಟ್ ಮಾಡಿ ಕಳಿಸಿ. ಕೊಂಕಣಿಯಲ್ಲಿದ್ರೂ ಪರವಾಗಿಲ್ಲ.