ಎರಡನೆಯ ಸಲ ಕೇಳಿದಾಗ
(ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ತಾವೇ ಹಾಡು ಕಟ್ಟಿ ತಾವೇ ಹಾಡುವವರ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಹರಿದಾಸರನ್ನು ಪಡೆದ ನಾಡಿನವರಾದ ನಮಗೆ ಈ ಬಗೆ ಹೊಸದೇನಲ್ಲ. ಆದರೆ ಇಂದು ನಾವು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ವ್ಯಾನ್ ಮಾರಿಸನ್ ಅವರ ಎರಡನೆಯ ಧ್ವನಿಮುದ್ರಿಕೆಯ ಕಥೆಯನ್ನು ಆರಿಸಿಕೊಂಡಿದ್ದೇವೆ. ಏಕೆಂಬುದು ಕೊನೆಯಲ್ಲಿ ತಿಳಿಯುತ್ತದೆ.

1967ರಲ್ಲಿ ಮಾರಿಸನ್ ಅವರ ‘ಬ್ರೌನ್ ಐಡ್ ಗರ್ಲ್’ ಎಂಬ ಹಾಡು ಅಮೆರಿಕದಲ್ಲಿ ಜನರ ಬಾಯಲ್ಲಿ ನಲಿಯಿತು. ಅದೇ ವರ್ಷ ಅವರ ಮೊದಲ ಮುದ್ರಿಕೆಯೂ ಬಂದಿತು. ಮುಂದಿನ ವರ್ಷ, ಇಪ್ಪತ್ತಮೂರರ ಹರೆಯದಲ್ಲಿ, ಅವರು ನ್ಯೂಯಾರ್ಕಿನಲ್ಲಿ ‘ಆಸ್ಟ್ರಲ್ ವೀಕ್ಸ್’ ಎಂಬ ಎರಡನೆಯದನ್ನು ಮುದ್ರಿಸಿದರು. ಜೊತೆಗೆ ಕುಳಿತವರು ಜಾಸ್ ಸಂಗೀತದಲ್ಲಿ ಪಳಗಿದವರು: ದೊಡ್ಡ ಬಾಸ್ ಪಿಟೀಲಿಗೆ ರಿಚರ್ಡ್ ಡೇವಿಸ್, ತಾಳವಾದ್ಯಕ್ಕೆ ಕಾನಿ ಕೇ. ಗಾಯಕರು ಅವರಿಗೆ ಹೀಗೆ ನುಡಿಸಿ, ಹಾಗೆ ನುಡಿಸಿ ಎಂದು ಹೇಳಿದ್ದು ಬಹಳ ಕಡಮೆ. ನಮ್ಮ ಕಚೇರಿಗಳಲ್ಲಿ ಪಕ್ಕವಾದ್ಯದವರು ಹಾಡುಗಾರರ ಜಾಡು ಹಿಡಿದು ಹೋಗುವಂತೆ ಅವರೂ ಹೋದರು. ತಂತಿವಾದ್ಯಗಳ ಮೇಳವನ್ನು ಆಮೇಲೆ ಸೇರಿಸಲಾಯಿತು. ಒಟ್ಟು ಎಂಟೇ ಹಾಡುಗಳು. ಕೆಲವಂತೂ ಏಳು, ಒಂಬತ್ತು ನಿಮಿಷಗಳಷ್ಟು ಉದ್ದ.

1968ರ ನವೆಂಬರಿನಲ್ಲಿ ಹೊರಬಂದಾಗ ಆದುದೇನು? ಮಾರಾಟ ಏಳಲಿಲ್ಲ. ಇಂಗ್ಲೆಂಡಿನ ಒಂದು ಸಂಗೀತ ವಾರಪತ್ರಿಕೆ ಇದನ್ನು ಹೋಸೆ ಫೆಲಿಸಿಯಾನೋ ಎಂಬ ಮತ್ತೊಬ್ಬ ಗಾಯಕರ ಮುದ್ರಿಕೆಗೆ ಹೋಲಿಸಿ, ಅದರ ಮುಂದೆ ಇದು ಸಪ್ಪೆಯೆಂದಿತು. ಹೆಚ್ಚಿನ ಹಾಡುಗಳೆಲ್ಲ ಒಂದೇ ಜಾಡಿನಲ್ಲಿ ಸಾಗುತ್ತವೆಂದು ಆಕ್ಷೇಪಿಸಿತು. ಹಾಗೆಂದು ವಿಮರ್ಶಕರೆಲ್ಲ ಕಿವುಡರಾಗಿದ್ದರೆಂದು ನಾವು ಹೇಳಲಾರೆವು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಗ್ರೀಲ್ ಮಾರ್ಕಸ್ 1969ರಲ್ಲೇ ಇದನ್ನು ಮನಸಾರೆ ಮೆಚ್ಚಿ ಬರೆದಿದ್ದರು.

ಹತ್ತು ವರ್ಷ ಕಳೆಯಿತು. ನಿರ್ಜನ ದ್ವೀಪಕ್ಕೆ ಒಂದೇ ಒಂದು ಮುದ್ರಿಕೆ ಒಯ್ಯುವುದಾದರೆ ಯಾವುದನ್ನು ಒಯ್ಯುವಿರಿ ಎಂದು ಅದೇ ಮಾರ್ಕಸ್ ಹಲವು ವಿಮರ್ಶಕರನ್ನು ಕೇಳಿ, ಅವರ ಉತ್ತರಗಳನ್ನು 1979ರಲ್ಲಿ ಪುಸ್ತಕವಾಗಿ ತಂದರು. ಲೆಸ್ಟರ್ ಬ್ಯಾಂಗ್ಸ್ ಇದನ್ನೇ ಆರಿಸಿದ್ದರು. ತಾವು ಬಹಳ ಕುಗ್ಗಿಹೋಗಿದ್ದ ದಿನಗಳಲ್ಲಿ ಈ ಹಾಡುಗಳು ಆಸರೆಯಾದ ಬಗೆಯನ್ನು ಅವರು ಬರೆದರು. 1995ರಲ್ಲಿ ‘ಮೋಜೋ’ ಪತ್ರಿಕೆ ನೂರು ಶ್ರೇಷ್ಠ ಮುದ್ರಿಕೆಗಳ ಪಟ್ಟಿಯಲ್ಲಿ ಇದಕ್ಕೆ ಎರಡನೆಯ ಸ್ಥಾನ ಕೊಟ್ಟಿತು. ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಮಾರಾಟಕ್ಕೆ ಸಲ್ಲುವ ಸುವರ್ಣ ಮನ್ನಣೆ ದೊರೆತುದು 2001ರಲ್ಲಿ, ಅಂದರೆ ಮೂವತ್ತಮೂರು ವರ್ಷಗಳ ತರುವಾಯ!

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮುದ್ರಿಕೆಯಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ‘ಒಂದೇ ಜಾಡು’ ಎಂದು ಮೊದಲು ಯಾವುದನ್ನು ಹಳಿದರೋ, ಅದನ್ನೇ ಮುಂದಿನವರು ಮೊದಲಿನಿಂದ ಕೊನೆಯವರೆಗೆ ಕಡಿಯದೆ ಹರಿಯುವ ಒಂದೇ ಭಾವವೆಂದು ಕೊಂಡಾಡಿದರು. ಮೂರು ನಿಮಿಷದ ಹಾಡಿಗೆ ಒಗ್ಗಿದ ಕಿವಿ ಅದೇ ಅಳತೆಗೋಲು ಹಿಡಿದು ಬಂದಿತ್ತು. ಮೊದಲ ಹಾಡಿನ ಗೆಲುವೂ ಎರಡನೆಯದಕ್ಕೆ ಹೊರೆಯಾಯಿತು. ಒಮ್ಮೆ ಕೇಳಿ ಬರೆದ ವಿಮರ್ಶೆ ಸುಳ್ಳಲ್ಲ. ಅದು ಒಂದು ಸಲದ ಮಾತು ಮಾತ್ರ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಎರಡು ವರ್ಷ ಯಾರೂ ಒಯ್ಯದ ಪುಸ್ತಕಗಳನ್ನು ಕಪಾಟಿನಿಂದ ತೆಗೆದುಬಿಡಬೇಕೆಂಬ ಸಲಹೆ ನಮ್ಮ ಸಮಿತಿಯ ಮುಂದಿದೆ. ಮುಂಬಯಿಯಂಥ ಊರಿನಲ್ಲಿ ಜಾಗದ ಬೆಲೆ ನಮಗೂ ಗೊತ್ತು; ಸಲಹೆ ಕೊಟ್ಟವರ ಕಷ್ಟವೂ ನಿಜವಾದದ್ದೇ. ಆದರೆ ಆ ಮುದ್ರಿಕೆ ಎರಡನೆಯ ಸಲ ಕೇಳಲು ಜನರಿಗೆ ಸಿಕ್ಕಿತೇಕೆ? ಯಾರೋ ಅದನ್ನು ಎಸೆಯದೆ ಇಟ್ಟುಕೊಂಡಿದ್ದರು. ದಾಸ್ತಾನು ಖಾಲಿ ಮಾಡುವುದು ಅಂಗಡಿಯ ಧರ್ಮ, ಕಾದಿರುವುದು ವಾಚನಾಲಯದ ಧರ್ಮ.

ಆದುದರಿಂದ ನಮ್ಮದೊಂದು ಸಣ್ಣ ಬಿನ್ನಹ: ಪಟ್ಟಿಯಿಂದ ಯಾವ ಪುಸ್ತಕದ ಹೆಸರನ್ನೇ ಹೊಡೆಯುವ ಮೊದಲು, ನಮ್ಮಲ್ಲಿ ಒಬ್ಬರಾದರೂ ಅದನ್ನು ಮನೆಗೊಯ್ದು ಪೂರ್ತಿ ಓದಿರಲಿ. ಆಮೇಲೆ ತೆಗೆದರೂ ನಮಗೆ ದುಃಖವಿಲ್ಲ. ಮೊದಲ ಕಟ್ಟನ್ನು ಒಯ್ಯಲು ನಾವು ಸಿದ್ಧ.